ನೂರೆಂಬತ್ತು ಪೇಪರ್ ಅಂದ್ರೆ ದೊಡ್ಡ ಡಾಕ್ಟರಾ?

ಡಾಕ್ಟರರು ಬರೆದ ಸಂಶೋಧನಾ ಲೇಖನಗಳನ್ನು, ಅಂದರೆ ಪೇಪರುಗಳನ್ನು, ಯಾರು ಬೇಕಾದರೂ ಹುಡುಕಿ ನೋಡಬಹುದು ಅಂತ ಹೋದ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟು ಪತ್ರ! ಹೆಚ್ಚಿನವು ಕ್ಯಾನ್ಸರ್ ಬಗ್ಗೆ. ಅದರಲ್ಲೂ ಸೊಂಟದ ಕೆಳಗಿನ ಕ್ಯಾನ್ಸರ್, ಆಮೇಲಿನ ತೊಂದರೆ, ಮನೆಯಲ್ಲಿ ಬಾಯಿಬಿಟ್ಟು ಹೇಳಲಾಗದ ವಿಷಯ. ನಾನು ಡಾಕ್ಟರಳಲ್ಲ. ಮುಂಬೈಯ ಪರೇಲ್ ಕಡೆ ಮೆಡಿಕಲ್ ಕಾಲೇಜೊಂದರ ಲೈಬ್ರರಿಯಲ್ಲಿ ದುಡಿದು ನಿವೃತ್ತಳಾದವಳು. ಔಷಧ, ಆಪರೇಷನ್ನಿನ ತೀರ್ಮಾನ ನಿಮ್ಮ ಡಾಕ್ಟರರದ್ದು. ಪೇಪರ್ ಓದುವುದು ನನ್ನ ಕಸುಬು, ಅಷ್ಟರ ಮಟ್ಟಿಗೆ ಹೇಳುತ್ತೇನೆ.

ಪ್ರಶ್ನೆ: ಅಕ್ಕನಿಗೆ ಗರ್ಭಕೊರಳಿನ ಕ್ಯಾನ್ಸರ್ ಅಂತ ಬಯಾಪ್ಸಿಯಲ್ಲಿ ಬಂದಿದೆ. ಇಬ್ಬರು ಡಾಕ್ಟರರ ಹೆಸರು ಸಿಕ್ಕಿದೆ. ಒಬ್ಬರದು ನೂರೆಂಬತ್ತು ಪೇಪರ್ ಇದೆಯಂತೆ, ಇನ್ನೊಬ್ಬರದು ಇಪ್ಪತ್ತು ಚಿಲ್ಲರೆ. ಮೊದಲನೆಯವರೇ ದೊಡ್ಡವರು ಅಂತ ಮಗ ನೆಟ್ ನೋಡಿ ಹೇಳುತ್ತಾನೆ. ಹೌದಾ? (ಓದುಗರೊಬ್ಬರು, ಡೊಂಬಿವಿಲಿ)

ಅಷ್ಟರಿಂದಲೇ ಹಾಗೆ ಹೇಳಲು ಬರುವುದಿಲ್ಲ. ಮೆನು ಉದ್ದ ಇದೆ ಅಂತ ಹೋಟೆಲ್ ಒಳ್ಳೆಯದು ಅನ್ನುತ್ತೇವಾ?

ಮೊದಲು ಆ ನೂರೆಂಬತ್ತೂ ಅವರದೇನಾ ನೋಡಿ. ಪಬ್‌ಮೆಡ್ ಅನ್ನುವುದು ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಪಟ್ಟಿ, ಪುಕ್ಕಟೆ. ಅಲ್ಲಿ ಸಾಮಾನ್ಯವಾಗಿ ಮನೆತನದ ಹೆಸರು, ಮುಂದೆ ಒಂದೆರಡು ಇನಿಷಿಯಲ್ ಹಾಕಿ ಹುಡುಕುತ್ತಾರೆ. ಈಗ 'ಶೆಟ್ಟಿ ಎಸ್' ಅಂತ ಹಾಕಿ ನೋಡಿ ಮಾರಾಯ್ರೆ! ಸುರೇಶ ಶೆಟ್ಟಿ, ಸುಜಾತಾ ಶೆಟ್ಟಿ, ಸಂತೋಷ ಶೆಟ್ಟಿ, ಹಲ್ಲಿನವರು, ಚರ್ಮದವರು, ಎಲುಬಿನವರು ಎಲ್ಲ ಒಟ್ಟಿಗೇ ಬಂದು ನಿಲ್ಲುತ್ತಾರೆ. ಪಾಟೀಲ, ಕುಲಕರ್ಣಿ, ಹೆಗಡೆ ಅವರ ಕಥೆಯೂ ಇದೇ. ಇದಕ್ಕೇ 2012ರಿಂದ ಆರ್ಕಿಡ್ ಅಂತ ಹದಿನಾರು ಅಂಕಿಯ ಗುರುತಿನ ಸಂಖ್ಯೆ ಬಂದಿದೆ. ಡಾಕ್ಟರರು ಅದನ್ನು ಇಟ್ಟುಕೊಂಡಿದ್ದರೆ ಪಟ್ಟಿಯನ್ನು ಜಾಸ್ತಿ ನಂಬಬಹುದು. ಇಲ್ಲದಿದ್ದರೆ ಹೆಸರಿನ ಜೊತೆ ಆಸ್ಪತ್ರೆಯ ಹೆಸರನ್ನೂ ಹಾಕಿ ಹುಡುಕಿ.

ಆಮೇಲೆ ಹೆಸರು ಎಲ್ಲಿದೆ ನೋಡಿ. ವೈದ್ಯಕೀಯ ಪೇಪರಿನಲ್ಲಿ ಮೊದಲ ಹೆಸರು ಸಾಮಾನ್ಯವಾಗಿ ಹೆಚ್ಚು ಕೆಲಸ ಮಾಡಿ ಬರೆದವರದು. ಕೊನೆಯ ಹೆಸರು ಆ ಕೆಲಸ ನಡೆಸಿದ ಹಿರಿಯರದು. ನಡುವಿನವರು ಬೇರೆ ಬೇರೆ ಥರ. ಒಬ್ಬರು ರೋಗಿಗಳನ್ನು ಸೇರಿಸಿರುತ್ತಾರೆ, ಇನ್ನೊಬ್ಬರು ಲೆಕ್ಕ ಹಾಕಿರುತ್ತಾರೆ, ಮತ್ತೊಬ್ಬರು ವಿಭಾಗದ ಮುಖ್ಯಸ್ಥರು ಅನ್ನುವ ಮುಲಾಜಿಗೆ ಕೂತಿರುತ್ತಾರೆ (ಲೈಬ್ರರಿಯಲ್ಲಿ ಇದ್ದವರಿಗೆ ಇದೆಲ್ಲ ಗೊತ್ತಾಗುತ್ತದೆ).

ಇನ್ನು ಎಂಥ ಪೇಪರ್ ಅನ್ನುವುದು. ಇದೇ ಮುಖ್ಯ. ಒಬ್ಬ ಅಪರೂಪದ ರೋಗಿಯ ಕಥೆ ಬರೆದರೂ ಪೇಪರ್. ಸಂಪಾದಕರಿಗೆ ಪತ್ರ ಬರೆದರೂ ಪಟ್ಟಿಯಲ್ಲಿ ಒಂದು. ಹಳೆಯ ಕೇಸ್ ಫೈಲುಗಳನ್ನು ತೆಗೆದು ಯಾರಿಗೆ ಏನಾಯಿತು ಅಂತ ಲೆಕ್ಕ ಹಾಕಿದರೆ ಅದು ಸ್ವಲ್ಪ ತೂಕದ್ದು. ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಬೇರೆ ಬೇರೆ ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಹಿಂದೆ ಬಿದ್ದು ನೋಡಿದರೆ ಅದು ಗಟ್ಟಿ, ಅದಕ್ಕೆ ಟ್ರಯಲ್ ಅನ್ನುತ್ತಾರೆ. ಅಂಥದ್ದೊಂದು ಮುಗಿಸಲು ಹತ್ತು ವರ್ಷವೂ ಹಿಡಿಯಬಹುದು. ನಿಮ್ಮ 'ಇಪ್ಪತ್ತು ಚಿಲ್ಲರೆ' ಡಾಕ್ಟರರು ಇಂಥ ಎರಡು ಮಾಡಿದ್ದರೆ ನನ್ನ ಕಣ್ಣಿಗೆ ಅವರೇ ದೊಡ್ಡವರು.

ಈ ವ್ಯತ್ಯಾಸ ಎಷ್ಟು ದೊಡ್ಡದು ಅನ್ನುವುದಕ್ಕೆ ನಿಮ್ಮ ಅಕ್ಕನ ಕಾಯಿಲೆಯದೇ ಉದಾಹರಣೆ ಇದೆ. ಶುರುವಿನ ಹಂತದ ಗರ್ಭಕೊರಳಿನ ಕ್ಯಾನ್ಸರಿಗೆ ಹೊಟ್ಟೆ ಕೊಯ್ಯುವ ಬದಲು ದೂರ್ಬೀನು (ಸಣ್ಣ ತೂತಿನಿಂದ ಮಾಡುವ ಲ್ಯಾಪರೋಸ್ಕೋಪಿ) ಅಥವಾ ರೋಬೋಟ್ ಆಪರೇಷನ್ ಮಾಡುವುದು ಜೋರಾಗಿ ನಡೆದಿತ್ತು. ಹಳೆಯ ಫೈಲುಗಳಿಂದ ಬರೆದ ಪೇಪರುಗಳಲ್ಲಿ, ರಕ್ತ ಕಡಿಮೆ ಹೋಗುತ್ತದೆ, ಬೇಗ ಮನೆಗೆ ಹೋಗಬಹುದು, ಕ್ಯಾನ್ಸರ್ ವಿಷಯದಲ್ಲಿ ಎರಡೂ ಒಂದೇ ಅಂತಲೇ ಬಂದಿತ್ತು. 2018ರಲ್ಲಿ ಲ್ಯಾಕ್ ಅನ್ನುವ ಟ್ರಯಲ್ ಹೊರಬಂತು. 631 ಹೆಂಗಸರು, ಚೀಟಿ ಎತ್ತಿ ಎರಡು ಗುಂಪು. ನಾಲ್ಕೂವರೆ ವರ್ಷಕ್ಕೆ ಕಾಯಿಲೆ ಮರುಕಳಿಸದೆ ಇದ್ದವರು ಹೊಟ್ಟೆ ಕೊಯ್ದ ಗುಂಪಿನಲ್ಲಿ ಶೇ 96.5, ದೂರ್ಬೀನಿನ ಗುಂಪಿನಲ್ಲಿ ಶೇ 86. ಜೀವ ಹೋಗಿದ್ದೂ ದೂರ್ಬೀನಿನ ಗುಂಪಿನಲ್ಲೇ ಜಾಸ್ತಿ. ಅಷ್ಟು ವರ್ಷ ಬರೆದ ಪೇಪರುಗಳ ಮಾತನ್ನು ಒಂದು ಟ್ರಯಲ್ ತಿರುಗಿಸಿಬಿಟ್ಟಿತು.

ಅದೇ 2018ರಲ್ಲಿ ನಮ್ಮ ಮುಂಬೈಯ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯಿಂದಲೂ ಎರಡು ದೊಡ್ಡ ಟ್ರಯಲ್ ಬಂದವು. ಒಂದರಲ್ಲಿ, ಮೂರನೇ ಸ್ಟೇಜಿನ 'ಬಿ' ಹಂತದ 850 ಹೆಂಗಸರಿಗೆ ಬರೀ ರೇಡಿಯೇಷನ್ ಸಾಕಾ, ಜೊತೆಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಅನ್ನುವ ಕೀಮೋ ಔಷಧ ಕೊಡಬೇಕಾ ಅಂತ ನೋಡಿದರು. ಐದು ವರ್ಷಕ್ಕೆ ಬದುಕಿದ್ದವರು ಬರೀ ರೇಡಿಯೇಷನ್ನಿನಲ್ಲಿ ಶೇ 46, ಎರಡೂ ಕೊಟ್ಟಾಗ ಶೇ 54. ಇನ್ನೊಂದರಲ್ಲಿ ಮೊದಲು ಕೀಮೋ ಕೊಟ್ಟು ಆಮೇಲೆ ಆಪರೇಷನ್ ಮಾಡುವುದು ಒಳ್ಳೆಯದಾ, ಕೀಮೋ ಮತ್ತು ರೇಡಿಯೇಷನ್ ಒಟ್ಟಿಗೆ ಕೊಡುವುದು ಒಳ್ಳೆಯದಾ ಅಂತ 635 ಹೆಂಗಸರಲ್ಲಿ ನೋಡಿದರು. ಐದು ವರ್ಷ ಕಾಯಿಲೆ ಇಲ್ಲದೆ ಇದ್ದವರು ಆಪರೇಷನ್ ದಾರಿಯಲ್ಲಿ ಶೇ 69.3, ಇನ್ನೊಂದರಲ್ಲಿ ಶೇ 76.7. "ಆಪರೇಷನ್ ಮಾಡಿ ತೆಗೆದುಬಿಟ್ಟರೆ ಮುಗೀತು" ಅನ್ನುವ ನಮ್ಮ ಮನೆಮಾತಿಗೆ ಇದು ನೇರ ಉತ್ತರ, ಅಲ್ವಾ? ಈ ಕೆಲಸ ಪರೇಲ್‌ನಲ್ಲಿ, ನಮ್ಮಂಥ ಹೆಂಗಸರ ಮೇಲೆ ನಡೆದದ್ದು.

ಆದ್ದರಿಂದ ಇಬ್ಬರು ಡಾಕ್ಟರರನ್ನೂ ಅಕ್ಕನ ಸ್ಟೇಜ್ ಯಾವುದು, ಈ ದಾರಿ ಯಾಕೆ ಅಂತ ಕೇಳಿ. ರೇಡಿಯೇಷನ್ ಕೊಡುತ್ತೇವೆ ಅಂದರೆ, ಒಳಗಿನಿಂದ ಕೊಡುವ ಬ್ರಾಕಿಥೆರಪಿ ಅವರ ಹತ್ತಿರ ಇದೆಯಾ ಕೇಳಿ. ಹೊರಗಿನದು, ಒಳಗಿನದು ಸೇರಿ ಸುಮಾರು ಎಂಟು ವಾರದೊಳಗೆ ಮುಗಿಯಬೇಕು, ಎಳೆದಷ್ಟೂ ನಷ್ಟ. ಪೇಪರ್ ಹುಡುಕುತ್ತಾ ವಾರ ಕಳೆಯಬೇಡಿ. ಒಂದು ಸಂಜೆ ಸಾಕು.

ಪ್ರಶ್ನೆ: ಎರಡು ವರ್ಷದ ಹಿಂದೆ ನನಗೆ ಕರೆಂಟ್ (ರೇಡಿಯೇಷನ್) ಕೊಟ್ಟಿದ್ದರು. ಈಗ ಕ್ಯಾನ್ಸರ್ ಇಲ್ಲ. ಆದರೆ ಕೆಮ್ಮಿದರೆ ಮೂತ್ರ ಹೋಗುತ್ತದೆ, ಪಾಯಖಾನೆಗೆ ಅವಸರ, ಬಸ್ಸಿನಲ್ಲಿ ಹೋಗಲು ಹೆದರಿಕೆ. ಯಜಮಾನರ ಜೊತೆ ಸೇರುವುದೂ ನೋವು. ಡಾಕ್ಟರರಿಗೆ ಹೇಳಿದರೆ "ಜೀವ ಉಳಿದಿದೆಯಲ್ಲ" ಅನ್ನುತ್ತಾರೆ. ಇದರ ಬಗ್ಗೆ ಯಾರೂ ಸಂಶೋಧನೆ ಮಾಡಿಲ್ಲವಾ? (ಹೆಸರು ಬೇಡ, ಚಿಂಚವಡ, ಪುಣೆ)

ಮಾಡಿದ್ದಾರೆ ತಾಯಿ. ನಿಮ್ಮ ಪತ್ರ ಓದಿ, ಡಾಕ್ಟರರ ಪಟ್ಟಿಯಲ್ಲಿ ನಾನು ಏನು ಹುಡುಕುತ್ತೇನೆ ಅನ್ನುವುದನ್ನು ಹೇಳಿಯೇ ಬಿಡೋಣ ಅನಿಸಿತು. ಸೊಂಟದ ಕೆಳಗಿನ ಕ್ಯಾನ್ಸರ್ ನೋಡುವವರು ಬರೀ 'ಎಷ್ಟು ಜನ ಬದುಕಿದರು' ಅಂತ ಎಣಿಸಿದ್ದಾರಾ, ಬದುಕಿದವರ ಮೂತ್ರ, ಮಲ, ನೋವು, ಸಂಸಾರ ಇವನ್ನೂ ಎಣಿಸಿದ್ದಾರಾ? ಎರಡನೆಯದನ್ನು ಎಣಿಸಿದ ಒಂದು ಪೇಪರ್ ಕಂಡರೂ ಸಾಕು. ಆ ಡಾಕ್ಟರರ ಎದುರು ನಿಮ್ಮ ಕಷ್ಟ ಹೇಳಿಕೊಂಡರೆ ಅವರಿಗೆ ಅದು ಹೊಸ ಸುದ್ದಿ ಆಗಿರುವುದಿಲ್ಲ.

ಪಾರ್ಸರ್ ಅಂತ ಒಂದು ಟ್ರಯಲ್ ಇದೆ. ಟಾಟಾ ಮೆಮೋರಿಯಲ್‌ನವರೇ ಮುಂದೆ ನಿಂತು ಮಾಡಿದ್ದು, 2021ರಲ್ಲಿ ಪ್ರಕಟವಾಯಿತು. ಗರ್ಭಕೊರಳಿನ ಕ್ಯಾನ್ಸರಿಗೆ ಆಪರೇಷನ್ ಆಗಿ ಆಮೇಲೆ ರೇಡಿಯೇಷನ್ ಬೇಕಾದ 300 ಹೆಂಗಸರು. ಅರ್ಧ ಜನಕ್ಕೆ ಆಗ ರೂಢಿಯಲ್ಲಿದ್ದ ರೇಡಿಯೇಷನ್. ಇನ್ನರ್ಧಕ್ಕೆ, ಪ್ರತಿ ಸಲ ಚಿತ್ರ ತೆಗೆದು ನೋಡಿ, ಕರುಳಿಗೆ ಆದಷ್ಟು ತಾಗದ ಹಾಗೆ ಕೊಡುವ ಹೊಸ ಬಗೆಯದು. ಈ ಟ್ರಯಲ್‌ನ ಮುಖ್ಯ ಪ್ರಶ್ನೆಯೇ ಕರುಳಿನದು. ಮೂರು ವರ್ಷದ ಹೊತ್ತಿಗೆ ಹೇಳಿಕೊಳ್ಳುವಷ್ಟು ಕರುಳಿನ ತೊಂದರೆ ಹಳೆಯ ಬಗೆಯಲ್ಲಿ ಶೇ 42.4, ಹೊಸದರಲ್ಲಿ ಶೇ 21.1. ಕ್ಯಾನ್ಸರ್ ಹಿಡಿತದಲ್ಲಿ ಹೆಚ್ಚುಕಮ್ಮಿ ಇರಲಿಲ್ಲ. ಅಂದರೆ ನೂರರಲ್ಲಿ ನಲವತ್ತು ಹೆಂಗಸರಿಗೆ ನಿಮ್ಮ ಹಾಗೇ ಆಗುತ್ತಿತ್ತು ತಾಯಿ, ಯಾರೋ ಕೂತು ಕೇಳಿದ್ದಕ್ಕೆ ಅದು ಲೆಕ್ಕಕ್ಕೆ ಬಂತು. ಕೇಳದಿದ್ದರೆ ಬರುವುದಿಲ್ಲ. ರೋಗಿ ತಾನೇ ಬರೆದ ಕಷ್ಟಕ್ಕಿಂತ ಡಾಕ್ಟರರು ಫೈಲಿನಲ್ಲಿ ಬರೆಯುವ ಕಷ್ಟ ಕಡಿಮೆ ಇರುತ್ತದೆ ಅನ್ನುವುದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡಿದೆ. ಅದಕ್ಕೇ ಗರ್ಭಕೊರಳಿನ ಕ್ಯಾನ್ಸರಿಗೆ ಅಂತಲೇ ಯುರೋಪಿನ ಒಂದು ಸಂಶೋಧನಾ ಸಂಸ್ಥೆ 24 ಪ್ರಶ್ನೆಗಳ ಹಾಳೆ ಮಾಡಿದೆ. ಮೂತ್ರ, ಕರುಳು, ದಾಂಪತ್ಯ ಎಲ್ಲ ಅದರಲ್ಲಿದೆ. ಪೇಪರಿನಲ್ಲಿ ಇಂಥ ಹಾಳೆಯ ಹೆಸರು ಕಂಡರೆ ರೋಗಿಯ ಬಾಯಿಂದಲೇ ಕೇಳಿದ್ದಾರೆ ಅಂತ ತಿಳಿಯಿರಿ.

ಇನ್ನು ನಿಮ್ಮ ಈಗಿನ ಕಷ್ಟಕ್ಕೆ. ಕರೆಂಟ್ ಆದ ಮೇಲಿನ ಕರುಳಿನ ತೊಂದರೆಗೆ ಒಂದೇ ಕಾರಣ ಇರುವುದಿಲ್ಲ, ಹುಡುಕಿದರೆ ಔಷಧ ಇರುವ ಕಾರಣಗಳೂ ಸಿಗುತ್ತವೆ. ಬ್ರಿಟನ್ನಿನಲ್ಲಿ ಆರ್ಬಿಟ್ ಅನ್ನುವ ಟ್ರಯಲ್ 2013ರಲ್ಲಿ ಬಂತು. ಪರೀಕ್ಷೆಗಳನ್ನು ಕ್ರಮವಾಗಿ ಮಾಡಿ, ಸಿಕ್ಕ ಕಾರಣಕ್ಕೆ ಚಿಕಿತ್ಸೆ ಕೊಟ್ಟರೆ, ಸುಮ್ನೆ ಪುಸ್ತಿಕೆ ಕೊಟ್ಟು ಕಳಿಸಿದ್ದಕ್ಕಿಂತ ಚೆನ್ನಾಗಿ ಗುಣ ಕಂಡಿತು. ಅದನ್ನು ತರಬೇತಿ ಪಡೆದ ನರ್ಸ್ ಮಾಡಿದರೂ ತಜ್ಞ ಡಾಕ್ಟರರಷ್ಟೇ ಫಲ ಬಂತು. ಆದ್ದರಿಂದ ಹೊಟ್ಟೆ ಕರುಳಿನ ತಜ್ಞರನ್ನು ಒಮ್ಮೆ ಕಾಣಿ, ಕರೆಂಟ್ ಆಗಿದ್ದನ್ನು ಮೊದಲೇ ಹೇಳಿ. ಮೂತ್ರಕ್ಕೆ ಪೆಲ್ವಿಕ್ ಫ್ಲೋರ್ (ಸೊಂಟದ ತಳದ ಸ್ನಾಯುಗಳ) ಫಿಸಿಯೋಥೆರಪಿ ಮಾಡುವವರು ಪುಣೆಯಲ್ಲೂ ಇದ್ದಾರೆ. ಆ ಸ್ನಾಯುಗಳನ್ನು ಬಿಗಿ ಹಿಡಿದು ಬಿಡುವ ಕೆಗೆಲ್ ವ್ಯಾಯಾಮ ಅಂತ ಎಲ್ಲರೂ ಹೇಳುತ್ತಾರೆ, ಅದು 1948ರಲ್ಲಿ ಕೆಗೆಲ್ ಅನ್ನುವ ಅಮೆರಿಕದ ಡಾಕ್ಟರ್ ಬರೆದ ಪೇಪರಿನಿಂದ ಬಂದದ್ದು. ಆದರೆ ಸ್ನಾಯು ಸಡಿಲ ಇದ್ದವರಿಗೆ ಅದು ಸರಿ, ಬಿಗಿ ಹಿಡಿದವರಿಗೆ ಮೊದಲು ಸಡಿಲಿಸುವುದನ್ನು ಕಲಿಸಬೇಕು. ನೋವು ಇರುವುದರಿಂದ ವಿಡಿಯೊ ನೋಡಿ ಶುರು ಮಾಡಬೇಡಿ, ಒಮ್ಮೆ ಪರೀಕ್ಷೆ ಮಾಡಿಸಿ. ಯೋನಿಯ ಜಾಗ ಕಿರಿದಾಗಿದ್ದರೆ ಡೈಲೇಟರ್ ಅಂತ ನಯವಾದ ಕೊಳವೆಗಳು ಬರುತ್ತವೆ, ಬಳಸುವುದನ್ನು ನರ್ಸ್ ತೋರಿಸಿಕೊಡುತ್ತಾರೆ. ಯಜಮಾನರನ್ನೂ ಒಮ್ಮೆ ಜೊತೆಗೆ ಕರೆದುಕೊಂಡು ಹೋಗಿ. ರಕ್ತ ಕಂಡರೆ ಮಾತ್ರ ಕಾಯಬೇಡಿ, ನಾಚಿಕೆ ಪಡಬೇಡಿ, ಅವತ್ತೇ ಹೋಗಿ.

"ಜೀವ ಉಳಿದಿದೆಯಲ್ಲ" ಅನ್ನುವ ಡಾಕ್ಟರರಿಗೆ ಪಾರ್ಸರ್ ಟ್ರಯಲ್ ಹೆಸರು ಹೇಳಿ. ಅವರ ಮುಖ ಹೇಗಾಯಿತು ಅಂತ ನನಗೆ ಬರೆಯಿರಿ.

ಪ್ರಶ್ನೆ: ನನಗೆ ಪ್ರಾಸ್ಟೇಟ್ ತೊಂದರೆ. ಡಾಕ್ಟರರ ಎಚ್-ಇಂಡೆಕ್ಸ್ 32 ಅಂತ ಇದೆ. ಪಾಸಾ ಫೇಲಾ? (ನಿವೃತ್ತ ಬ್ಯಾಂಕ್ ನೌಕರರು, ಮಾಟುಂಗಾ)

ಬ್ಯಾಂಕಿನವರಿಗೆ ಅಂಕಿ ಕಂಡರೆ ಕೈ ತಡೆಯುವುದಿಲ್ಲ. ಅವರ ಪೇಪರುಗಳಲ್ಲಿ 32 ಪೇಪರುಗಳನ್ನು ಬೇರೆ ಪೇಪರುಗಳಲ್ಲಿ ಕಡಿಮೆ ಅಂದರೂ ತಲಾ 32 ಸಲ ಉಲ್ಲೇಖಿಸಿದ್ದಾರೆ ಅಂತ ಅರ್ಥ. 2005ರಲ್ಲಿ ಹಿರ್ಶ್ ಅನ್ನುವ ಭೌತವಿಜ್ಞಾನಿ ಸೂಚಿಸಿದ ಲೆಕ್ಕ. ಇದು ಕೆಳಗೆ ಇಳಿಯುವುದೇ ಇಲ್ಲ, ವಯಸ್ಸಾದಂತೆ ಏರುತ್ತದೆ. ಯುವ ಡಾಕ್ಟರರಿಗೂ ಹಿರಿಯರಿಗೂ, ಲ್ಯಾಬಿನವರಿಗೂ ಆಪರೇಷನ್ ಥಿಯೇಟರಿನವರಿಗೂ ಹೋಲಿಸಲು ಬರುವುದಿಲ್ಲ. ಅವರ ಕೈಯ ಕೌಶಲದ ಬಗ್ಗೆ ಈ ಅಂಕಿ ಏನೂ ಹೇಳುವುದಿಲ್ಲ.

ಲ್ಯಾಬ್ ಅಂದಾಗ ನೆನಪಾಯಿತು. 1951ರಲ್ಲಿ ಅಮೆರಿಕದ ಹೆನ್ರಿಯೆಟಾ ಲ್ಯಾಕ್ಸ್ ಅನ್ನುವ ಹೆಂಗಸಿನ ಗರ್ಭಕೊರಳಿನ ಗಡ್ಡೆಯಿಂದ, ಆಕೆಯನ್ನು ಕೇಳದೆಯೇ ತೆಗೆದ ಜೀವಕೋಶಗಳು ಇವತ್ತಿಗೂ ಜಗತ್ತಿನ ಲ್ಯಾಬುಗಳಲ್ಲಿ ಬೆಳೆಯುತ್ತಿವೆ, ಹೀಲಾ ಅಂತ ಕರೆಯುತ್ತಾರೆ. ಅವುಗಳ ಮೇಲೆ ಬಂದ ಪೇಪರುಗಳು ಸಾವಿರಗಟ್ಟಲೆ. ಒಳ್ಳೆಯ ವಿಜ್ಞಾನವೇ. ಆದರೆ ತಟ್ಟೆಯಲ್ಲಿರುವ ಜೀವಕೋಶವನ್ನು ಅರಿಶಿನ ಕೊಂದಿತು ಅನ್ನುವ ಪೇಪರ್ ವಾಟ್ಸಾಪಿನಲ್ಲಿ ಬಂದರೆ ಅದರ ಮೇಲೆ ಚಿಕಿತ್ಸೆ ನಿರ್ಧರಿಸಬೇಡಿ. ನಿಮ್ಮ ಡಾಕ್ಟರರಿಗೆ ಕೇಳಬೇಕಾದ ಅಂಕಿ ಬೇರೆ. ಆಪರೇಷನ್ ಮಾಡುವುದಾದರೆ, ವರ್ಷಕ್ಕೆ ಇಂಥವು ಎಷ್ಟು ಮಾಡುತ್ತೀರಿ, ವರ್ಷ ಕಳೆದ ಮೇಲೂ ಮೂತ್ರ ಸೋರಿ ಪ್ಯಾಡ್ ಹಾಕುವವರು ಎಷ್ಟು ಮಂದಿ? ಲೆಕ್ಕ ಇಟ್ಟವರು ತಡವರಿಸದೆ ಹೇಳುತ್ತಾರೆ.

ಪ್ರಶ್ನೆ: ನಮ್ಮ ಡಾಕ್ಟರರದು ಒಂದೂ ಪೇಪರ್ ಇಲ್ಲ. ಬದಲಿಸಬೇಕಾ? (ಠಾಣೆ)

ಬೇಡ. ಇಡೀ ದಿನ ರೋಗಿ ನೋಡುವ ಎಷ್ಟೋ ಒಳ್ಳೆಯ ಡಾಕ್ಟರರಿಗೆ ಬರೆಯಲು ಪುರುಸೊತ್ತಿಲ್ಲ. ಅವರು ಹೊಸ ಪೇಪರ್ ಓದುತ್ತಾರಾ, ಅದು ಬೇರೆ ಪ್ರಶ್ನೆ. ಗರ್ಭಕೊರಳಿನ ಕ್ಯಾನ್ಸರ್ ನೋಡುವವರಾದರೆ, ಮೇಲೆ ಹೇಳಿದ ಲ್ಯಾಕ್ ಟ್ರಯಲ್ ಬಗ್ಗೆ ಕೇಳಿ ನೋಡಿ.

ಪ್ರಶ್ನೆ: ಮಗಳು ಸ್ತ್ರೀರೋಗದಲ್ಲಿ ಎಂಎಸ್ ಮಾಡುತ್ತಿದ್ದಾಳೆ. ಒಬ್ಬ ಏಜೆಂಟ್ ಫೋನ್ ಮಾಡಿ, ಹದಿನೈದು ಸಾವಿರ ಕೊಟ್ಟರೆ ತಯಾರಾದ ಪೇಪರಿನಲ್ಲಿ ಹೆಸರು ಸೇರಿಸಿಕೊಡುತ್ತೇನೆ, ಮುಂದೆ ಪ್ರಮೋಷನ್‌ಗೆ ಆಗುತ್ತದೆ ಅಂದ. ಕೊಡಬಹುದಾ? (ವಾಸ್ಕೋ, ಗೋವಾ)

ಫೋನ್ ನಂಬರ್ ಬ್ಲಾಕ್ ಮಾಡಿ. ಮೆಡಿಕಲ್ ಕಾಲೇಜಿನಲ್ಲಿ ಮೇಲೇರಲು ಪೇಪರ್ ಬೇಕು ಅನ್ನುವ ನಿಯಮ ಇರುವುದರಿಂದಲೇ ಈ ದಂಧೆ ಬೆಳೆದಿದೆ, ಆ ನಿಯಮದ ಮೇಲೆ ನನಗೂ ಸಿಟ್ಟಿದೆ. ಆದರೆ ಹೆಸರು ಹಾಕಿಕೊಂಡವರು ಆ ಪೇಪರಿನ ಪ್ರತಿ ಅಂಕಿಗೂ ಜವಾಬ್ದಾರರು ಅನ್ನುವುದು ವೈದ್ಯಕೀಯ ಪತ್ರಿಕೆಗಳ ಅಂತರರಾಷ್ಟ್ರೀಯ ನಿಯಮ. ನಾಳೆ ಅದು ಸುಳ್ಳು ಅಂತ ಗೊತ್ತಾಗಿ ಹಿಂದಕ್ಕೆ ತೆಗೆದರೆ, ಪಟ್ಟಿಯಿಂದ ಮಾಯವಾಗುವುದಿಲ್ಲ. 'ಹಿಂಪಡೆಯಲಾಗಿದೆ' ಅನ್ನುವ ಹಣೆಪಟ್ಟಿ ಹೊತ್ತು ಅಲ್ಲೇ ಇರುತ್ತದೆ, ಮಗಳ ಹೆಸರಿನ ಜೊತೆ. ಗೋವಾದಲ್ಲಿ 1842ರಿಂದ ವೈದ್ಯ ಶಿಕ್ಷಣ ಇದೆ, ಕೆಲಸಕ್ಕೆ ವಿಷಯ ಇಲ್ಲವಾ? ಹೆರಿಗೆಯಾದ ಎಷ್ಟು ಹೆಂಗಸರಿಗೆ ಆರು ತಿಂಗಳ ಮೇಲೂ ಕೆಮ್ಮಿದರೆ ಮೂತ್ರ ಹೋಗುತ್ತದೆ ಅಂತ ಗೈಡ್ ಒಪ್ಪಿಗೆ ಪಡೆದು ತನ್ನ ಓಪಿಡಿಯಲ್ಲೇ ಕೇಳಲಿ. ಬೈನಾ ಕಡೆಯ ಬಾಗಲಕೋಟೆ, ವಿಜಯಪುರದ ಹೆಂಗಸರಿಗೆ ಕನ್ನಡದಲ್ಲೇ ಕೇಳಬಹುದು, ಆ ಅನುಕೂಲ ಅಲ್ಲಿ ಎಲ್ಲರಿಗೂ ಇಲ್ಲ.

ಪ್ರಶ್ನೆ: ಅತ್ತೆಯನ್ನು ಟ್ರಯಲ್‌ಗೆ ಸೇರಿಸಿ ಅಂತ ಆಸ್ಪತ್ರೆಯಲ್ಲಿ ಹೇಳಿದ್ದಾರೆ. ಡಾಕ್ಟರರ ಪೇಪರಿಗೋಸ್ಕರ ನಮ್ಮವರನ್ನು ಇಲಿ ಮಾಡುತ್ತಾರಾ ಅಂತ ಮನೆಯಲ್ಲಿ ಜಗಳ. (ಮೀರಾ ರೋಡ್)

ಜಗಳ ಆಗಲಿ, ಪ್ರಶ್ನೆ ಕೇಳದೆ ಸಹಿ ಹಾಕುವುದಕ್ಕಿಂತ ಒಳ್ಳೆಯದು. ಮುಂಬೈ ಕೊಳೆಗೇರಿಗಳಲ್ಲಿ 1998ರಿಂದ ಒಂದು ದೊಡ್ಡ ಟ್ರಯಲ್ ನಡೆಯಿತು, ಸುಮಾರು ಒಂದೂವರೆ ಲಕ್ಷ ಹೆಂಗಸರು. ಹತ್ತನೇ ಕ್ಲಾಸ್ ಓದಿದ ಹೆಂಗಸರಿಗೆ ತರಬೇತಿ ಕೊಟ್ಟು, ವಿನೆಗರ್‌ನಂಥ ದ್ರಾವಣ ಹಚ್ಚಿ ಗರ್ಭಕೊರಳು ನೋಡುವ ಪರೀಕ್ಷೆ ಮಾಡಿಸಿದರು, ಎರಡು ವರ್ಷಕ್ಕೊಮ್ಮೆ. ಗರ್ಭಕೊರಳಿನ ಕ್ಯಾನ್ಸರಿನಿಂದ ಸಾಯುವುದು ಶೇ 31 ಕಡಿಮೆ ಆಯಿತು ಅಂತ 2014ರಲ್ಲಿ ಪ್ರಕಟವಾಯಿತು. ಬಡ ದೇಶಗಳಿಗೆ ದೊಡ್ಡ ಸುದ್ದಿ. ಅದೇ ಟ್ರಯಲ್‌ನ ಇನ್ನೊಂದು ಗುಂಪಿನ ಹೆಂಗಸರಿಗೆ ತಿಳಿವಳಿಕೆ ಮಾತ್ರ ಕೊಟ್ಟರು, ಪರೀಕ್ಷೆ ಮಾಡಲಿಲ್ಲ. ಅವರಿಗೆ ಅನ್ಯಾಯ ಆಯಿತು ಅಂತ ಗಂಭೀರ ಆಕ್ಷೇಪವೂ ಬಂತು. ಇಲ್ಲಿ ತಪಾಸಣೆಯೇ ಇರಲಿಲ್ಲ, ಇದ್ದ ವ್ಯವಸ್ಥೆಗಿಂತ ಕಡಿಮೆ ಏನೂ ಕೊಟ್ಟಿಲ್ಲ ಅನ್ನುವುದು ಮಾಡಿದವರ ವಾದ. ನನಗೆ ಆಕ್ಷೇಪದಲ್ಲಿ ಹುರುಳಿದೆ ಅನಿಸುತ್ತದೆ. ಆ ಫಲಿತಾಂಶದಿಂದ ಉಪಕಾರ ಆಗಿದ್ದೂ ನಿಜ.

ಆದ್ದರಿಂದ ನೀವು ಕೇಳಬೇಕಾದ್ದು ಇದು: ಟ್ರಯಲ್‌ಗೆ ಸೇರದಿದ್ದರೆ ಅತ್ತೆಗೆ ಯಾವ ಚಿಕಿತ್ಸೆ, ಸೇರಿದರೆ ಎರಡೂ ಗುಂಪಿಗೆ ಅದಕ್ಕಿಂತ ಕಡಿಮೆಯದು ಏನಾದರೂ ಸಿಗುತ್ತದಾ? ಒಪ್ಪಿಗೆ ಪತ್ರ ಅವರಿಗೆ ಅರ್ಥ ಆಗುವ ಭಾಷೆಯಲ್ಲಿ ಇರಬೇಕು. ಮರಾಠಿ ಬಾರದಿದ್ದರೆ ಕನ್ನಡದಲ್ಲಿ ಕೊಡಿ ಅಂತ ಕೇಳಿ. ಯಾವಾಗ ಬೇಕಾದರೂ ಹೊರಗೆ ಬರಬಹುದು, ಅದರಿಂದ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ. 2009ರಿಂದ ನಮ್ಮ ದೇಶದ ಟ್ರಯಲ್‌ಗಳನ್ನು ಸಿಟಿಆರ್‌ಐ ಅನ್ನುವ ಸರ್ಕಾರಿ ದಾಖಲೆಯಲ್ಲಿ ಮೊದಲೇ ನೋಂದಾಯಿಸಬೇಕು, ಆ ನಂಬರ್ ತೆಗೆದುಕೊಳ್ಳಿ. ಅಲ್ಲಿ ಆ ಡಾಕ್ಟರರು ಹಿಂದೆ ಶುರು ಮಾಡಿದ ಟ್ರಯಲ್‌ಗಳೂ ಕಾಣುತ್ತವೆ. ಮುಗಿದ ಟ್ರಯಲ್‌ನ ಫಲಿತಾಂಶ, ಕೆಟ್ಟದ್ದು ಬಂದಿದ್ದರೂ, ಪೇಪರ್ ಆಗಿ ಹೊರಗೆ ಬಂದಿದೆಯಾ ನೋಡಿ. ಬಂದಿದ್ದರೆ ನಂಬಿಕೆ ಇಡಬಹುದು.

ಪ್ರಶ್ನೆ: ಅಮ್ಮನಿಗೆ ಗರ್ಭಕೋಶ ಕೆಳಗೆ ಜಾರಿದೆ. ಮೆಶ್ (ಜಾಲರಿ) ಹಾಕುತ್ತೇವೆ ಅಂದರು. ಅದರ ಬಗ್ಗೆ ಡಾಕ್ಟರರೇ ಪೇಪರ್ ಬರೆದಿದ್ದಾರೆ. ಅಂದ ಮೇಲೆ ಭಯ ಇಲ್ಲ ಅಲ್ವಾ? (ಕೋಥ್ರೂಡ್, ಪುಣೆ)

ಆ ಪೇಪರಿನ ಕೊನೆಯ ಪುಟ ಮೊದಲು ಓದಿ. ಯಾರಿಂದ ದುಡ್ಡು ಬಂತು, ಮೆಶ್ ಕಂಪನಿ ಜೊತೆ ಸಂಬಂಧ ಇದೆಯಾ ಅಂತ ಅಲ್ಲಿ ಬರೆದಿರಬೇಕು. ಸಂಬಂಧ ಇದ್ದ ಮಾತ್ರಕ್ಕೆ ಸುಳ್ಳಲ್ಲ, ಆದರೆ ನಿಮಗೆ ಗೊತ್ತಿರಬೇಕು. ಆಮೇಲೆ ರೋಗಿಗಳನ್ನು ಎಷ್ಟು ಕಾಲ ನೋಡಿದ್ದಾರೆ ಅಂತ ಹುಡುಕಿ. ಆರು ತಿಂಗಳ ಲೆಕ್ಕ ಸಾಲದು, ಮೆಶ್ ಒಳಗೆ ಕೊರೆಯುವುದು, ನೋವು ಬರುವುದು ವರ್ಷಗಳ ಮೇಲೂ ಆಗಬಹುದು. ಯೋನಿಯ ಮೂಲಕ ಹಾಕುವ ಮೆಶ್ಶನ್ನು ಇದೇ ತೊಂದರೆಗೆ ಮಾರುವುದನ್ನು ನಿಲ್ಲಿಸಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರ ಏಪ್ರಿಲ್‌ನಲ್ಲಿ ಕಂಪನಿಗಳಿಗೆ ಹೇಳಿತು. ಹೊಟ್ಟೆಯ ಕಡೆಯಿಂದ ಹಾಕುವುದು, ಮೂತ್ರ ಸೋರಿಕೆಗೆ ಹಾಕುವ ಪಟ್ಟಿ, ಇವು ಬೇರೆ, ಅವನ್ನು ಆ ಆದೇಶ ಮುಟ್ಟಿಲ್ಲ. ಅಮ್ಮನಿಗೆ ಯಾವುದು ಅಂತ ಬಾಯಲ್ಲಿ ಅಲ್ಲ, ಚೀಟಿಯಲ್ಲಿ ಬರೆಸಿಕೊಳ್ಳಿ. ಮೆಶ್ ಇಲ್ಲದೆ ಹೊಲಿಗೆಯಲ್ಲೇ ಮಾಡಬಹುದಾ, ಪೆಸರಿ ಅನ್ನುವ ಬಳೆ ಇಟ್ಟು ಸ್ವಲ್ಪ ದಿನ ನೋಡಬಹುದಾ ಅಂತಲೂ ಕೇಳಿ. ಕೊನೆಗೆ ಮೆಶ್ ಹಾಕಿಸಿದರೂ, ಡಬ್ಬಿಯ ಮೇಲಿನ ಕಂಪನಿ ಹೆಸರು, ನಂಬರ್ ಇರುವ ಸ್ಟಿಕ್ಕರನ್ನು ಡಿಸ್ಚಾರ್ಜ್ ಕಾರ್ಡಿಗೆ ಅಂಟಿಸಿಕೊಂಡೇ ಮನೆಗೆ ಬನ್ನಿ.